ಪುಣೆಯಲ್ಲಿ ಕೆಲಸ ಹುಡುಕುತ್ತಿದ್ದೀರಾ? ಇಂಗ್ಲಿಷನ್ನು ನಾಲಿಗೆಗೆ ತಂದುಕೊಳ್ಳುವುದು ಹೀಗೆ

ಪುಣೆಯಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಮಾತಾಡುವ ಸಂದರ್ಭವೇ ಬರುವುದಿಲ್ಲ. ಇಷ್ಟು ದೊಡ್ಡ ಐಟಿ ಊರು, ಹಾಗೆ ಹೇಗೆ ಅಂತ ಅನ್ನಿಸಬಹುದು. ಆದರೆ ಒಂದು ದಿನ ಹೇಗೆ ಕಳೆಯುತ್ತದೆ ನೋಡಿ. ರೂಮಿನಲ್ಲಿ ಕನ್ನಡ. ಮನೆ ಮಾಲೀಕರ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಪಿಎಂಪಿಎಂಎಲ್ ಬಸ್ಸಿನಲ್ಲಿ ಮರಾಠಿ. ಕ್ಯಾಂಟೀನಿನಲ್ಲಿ, ಬೇರೆ ರಾಜ್ಯದ ಗೆಳೆಯರ ಜೊತೆ ಹಿಂದಿ. ಚಾಕಣ್, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಲೈನ್ ಮೇಲೆ ಮರಾಠಿ, ಹಿಂದಿ ಎರಡೂ ಬೆರೆತು ಓಡುತ್ತವೆ. ಇಂಗ್ಲಿಷ್ ಬೇಕಾಗುವುದು ಸಂದರ್ಶನದ ಕುರ್ಚಿಯಲ್ಲಿ, ಆಮೇಲೆ ಮೀಟಿಂಗಿನಲ್ಲಿ. ಅಂದರೆ ಎಲ್ಲಿ ತಡವರಿಸಿದರೆ ಜಾಸ್ತಿ ನಷ್ಟವೋ, ಸರಿಯಾಗಿ ಅಲ್ಲೇ ಮೊದಲ ಸಲ ಬಾಯಿ ತೆಗೆಯಬೇಕಾಗುತ್ತದೆ.

ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿರಲಿ, ಮಹಾರಾಷ್ಟ್ರದೊಳಗೇ ಇರುವ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಓದಿ ಬಂದವರಿರಲಿ, ತಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ತಾವೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಸಂದರ್ಶನ ತೆಗೆದುಕೊಳ್ಳುವವರ ಸಾಲಿನಲ್ಲಿ ಕೂತು ನಾನು ನೋಡಿದ್ದೇ ಬೇರೆ. ಇವರು ಮ್ಯಾನುಯಲ್ ಓದಿ ಅರ್ಥ ಮಾಡಿಕೊಳ್ಳುತ್ತಾರೆ. ಡಿಪ್ಲೊಮಾ, ಡಿಗ್ರಿ ಪರೀಕ್ಷೆಗಳನ್ನು ಇಂಗ್ಲಿಷಿನಲ್ಲೇ ಬರೆದು ಪಾಸಾಗಿದ್ದಾರೆ. ಕಣ್ಣಿಗೂ ಕೈಗೂ ಬಂದಿರುವುದು ನಾಲಿಗೆಗೆ ಬಂದಿಲ್ಲ, ಅಷ್ಟೇ. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಇಲ್ಲಿ ಹಾಡೇ ಶುರುವಾಗಿಲ್ಲ.

ಆದ್ದರಿಂದ ನಾನು ಹೇಳುವುದು ಇದು: ಇಂಗ್ಲಿಷ್ ಕಲಿಯುತ್ತೇನೆ ಅಂತ ಹೊರಡಬೇಡಿ. ನಿಮ್ಮ ಕೆಲಸವನ್ನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಲು ಕಲಿಯಿರಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಕೊನೆಯೇ ಇಲ್ಲ. ಎರಡನೆಯದು ದಿನಕ್ಕೆ ಇಪ್ಪತ್ತು ನಿಮಿಷ ಕೊಟ್ಟರೆ ಕೆಲವು ತಿಂಗಳಲ್ಲಿ ಕೈಗೆ ಸಿಗುವಂಥದ್ದು.

ರಾತ್ರಿಯ ರೆಕಾರ್ಡಿಂಗ್

ಊಟ ಆದ ಮೇಲೆ ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ತೆಗೆಯಿರಿ. ಇವತ್ತು ಏನು ಕೆಲಸ ಮಾಡಿದೆ ಎನ್ನುವುದನ್ನು ಮೊದಲು ಒಂದು ನಿಮಿಷ ಕನ್ನಡದಲ್ಲಿ ಹೇಳಿ. ಹೌದು, ಕನ್ನಡದಲ್ಲೇ. ಎಷ್ಟೋ ಸಲ ತೊಡಕು ಇಂಗ್ಲಿಷಿನದ್ದಲ್ಲ, ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ತಲೆಯಲ್ಲಿ ಸ್ಪಷ್ಟ ಇರುವುದಿಲ್ಲ. ಅದು ಸ್ಪಷ್ಟ ಆದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳಿ. ನಡುವೆ ನಿಲ್ಲಿಸಬೇಡಿ. ಪದ ಸಿಗದಿದ್ದರೆ ಅಲ್ಲಿ ಕನ್ನಡ ಪದವನ್ನೇ ಹಾಕಿ ಮುಂದೆ ಹೋಗಿ.

ಆಮೇಲೆ ಕೇಳಿಸಿಕೊಳ್ಳಿ. ಮೊದಮೊದಲು ಸ್ವಂತ ದನಿ ಕೇಳಲು ಮುಜುಗರ ಆಗುತ್ತದೆ, ಒಂದು ವಾರದಲ್ಲಿ ಅದು ಹೋಗುತ್ತದೆ. ಎಲ್ಲೆಲ್ಲಿ ಕನ್ನಡ ಪದ ಬಂತೋ ಅದೇ ನಿಮ್ಮ ಇವತ್ತಿನ ಪಾಠ. ಆ ಪದಗಳನ್ನು ಮಾತ್ರ ಹುಡುಕಿ, ನೋಟ್‌ಬುಕ್ಕಿನಲ್ಲಿ ಪೂರ್ತಿ ವಾಕ್ಯವಾಗಿ ಬರೆದುಕೊಳ್ಳಿ, ಮತ್ತೆ ಒಂದು ಸಲ ಮೊದಲಿನಿಂದ ಹೇಳಿ. ಜಾಸ್ತಿ ಜನ ಈ ಕೊನೆಯ ಸಲವನ್ನು ಬಿಟ್ಟುಬಿಡುತ್ತಾರೆ. ಕಲಿಕೆ ಆಗುವುದು ಅಲ್ಲಿಯೇ. ಸಿಕ್ಕಿಬಿದ್ದ ಜಾಗವನ್ನು ಅದೇ ರಾತ್ರಿ ದಾಟಿದರೆ ಮಾತ್ರ ಅದು ನೆನಪಿನಲ್ಲಿ ನಿಲ್ಲುತ್ತದೆ.

ಒಂದು ಉದಾಹರಣೆ. ಚಾಕಣಿನಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮೆಷಿನ್ ನೋಡಿಕೊಳ್ಳುವ ಹುಡುಗ ಕನ್ನಡದಲ್ಲಿ ಹೀಗೆ ಹೇಳುತ್ತಾನೆ: ಜಾಬ್ ಸೈಜ್ ಔಟ್ ಬಂತು, ನೋಡಿದರೆ ಇನ್ಸರ್ಟ್ ಸವೆದಿತ್ತು, ಬದಲಾಯಿಸಿ ಆಫ್‌ಸೆಟ್ ಕೊಟ್ಟೆ. ಅಂದರೆ ತುಂಡಿನ ಅಳತೆ ತಪ್ಪಿತ್ತು, ಕತ್ತರಿಸುವ ಮೊನೆ ಸವೆದಿತ್ತು, ಅದನ್ನು ಬದಲಾಯಿಸಿ ಮೆಷಿನ್ನಿನಲ್ಲಿ ಅಳತೆ ಸರಿಮಾಡಿದ. ಗಮನಿಸಿ, ಅವನ ಮಾತಿನಲ್ಲಿ ಹೆಸರುಗಳೆಲ್ಲ ಆಗಲೇ ಇಂಗ್ಲಿಷ್. ಇಲ್ಲದಿರುವುದು ಕ್ರಿಯಾಪದಗಳು. "ದ ಡಯಾಮೀಟರ್ ವಾಸ್ ಔಟ್ ಆಫ್ ಟಾಲರೆನ್ಸ್. ಐ ಚೆಕ್ಡ್ ದ ಇನ್ಸರ್ಟ್. ಇಟ್ ವಾಸ್ ವೋರ್ನ್ ಔಟ್. ಐ ಚೇಂಜ್ಡ್ ಇಟ್ ಅಂಡ್ ಕರೆಕ್ಟೆಡ್ ದ ಆಫ್‌ಸೆಟ್." ಚಿಕ್ಕ ಚಿಕ್ಕ ವಾಕ್ಯ, ಒಂದೊಂದರಲ್ಲಿ ಒಂದೇ ಕೆಲಸ. ಖರಾಡಿಯಲ್ಲಿ ಅಕೌಂಟ್ಸ್ ನೋಡುವ ಬಿ.ಕಾಂ. ಹುಡುಗಿಗೂ ಹೀಗೆಯೇ. ಇನ್ವಾಯ್ಸ್, ಲೆಡ್ಜರ್, ಜಿಎಸ್‌ಟಿ, ವೆಂಡರ್ ಎಲ್ಲ ಗೊತ್ತು. "ತಾಳೆ ಆಗಲಿಲ್ಲ" ಅನ್ನುವುದಕ್ಕೆ ಬಂದಾಗ ನಾಲಿಗೆ ನಿಲ್ಲುತ್ತದೆ. "ದ ವೆಂಡರ್ ಲೆಡ್ಜರ್ ಡಿಡ್ ನಾಟ್ ಮ್ಯಾಚ್ ಅವರ್ ಬುಕ್ಸ್. ಐ ಫೌಂಡ್ ಟೂ ಮಿಸ್ಸಿಂಗ್ ಇನ್ವಾಯ್ಸಸ್." ಅಷ್ಟೇ ಸಾಕು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ದೊಡ್ಡ ದೊಡ್ಡ ಪದಗಳ ಪಟ್ಟಿ ಮಾಡಬೇಡಿ. ನಿಮ್ಮ ಕೆಲಸದ ಕ್ರಿಯಾಪದಗಳನ್ನು ಸೇರಿಸಿ: ಚೆಕ್ಡ್, ಫೌಂಡ್, ಮೆಶರ್ಡ್, ರಿಪೋರ್ಟೆಡ್, ಫಾಲೋಡ್ ಅಪ್, ಕ್ಲೋಸ್ಡ್. ಒಂದು ಕೆಲಸಕ್ಕೆ ಇಂಥವು ನಲವತ್ತು ಐವತ್ತು ಇದ್ದರೆ ಬಹುತೇಕ ಮಾತು ನಡೆಯುತ್ತದೆ. ಎಲ್ಲವನ್ನೂ ಭೂತಕಾಲದಲ್ಲೇ ಬರೆದುಕೊಳ್ಳಿ, ಯಾಕೆಂದರೆ ಸಂದರ್ಶನದಲ್ಲೂ ಆಫೀಸಿನಲ್ಲೂ ನೀವು ಹೇಳುವುದು ಹೆಚ್ಚಾಗಿ ಮಾಡಿ ಮುಗಿಸಿದ್ದನ್ನು.

ನಮ್ಮ ಭಾಷೆಯವರಿಗೇ ಆಗುವ ಕೆಲವು ತೊಡಕು

ಇಂಗ್ಲಿಷ್ ವ್ಯಾಕರಣವನ್ನು ಪೂರ್ತಿ ಓದಬೇಕಾಗಿಲ್ಲ. ಕನ್ನಡದಿಂದ ಬರುವವರಿಗೆ ಆಗುವ ತಪ್ಪುಗಳು ಕೆಲವೇ, ಮತ್ತೆ ಮತ್ತೆ ಅವೇ. "ಮೂರು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ" ಅನ್ನುವುದು ನೇರವಾಗಿ "ಐ ಆಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್" ಆಗಿಬಿಡುತ್ತದೆ. ಸರಿಯಾದದ್ದು "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್". ಈ ವಾಕ್ಯ ಪ್ರತಿ ಸಂದರ್ಶನದಲ್ಲೂ ಬರುತ್ತದೆ, ಆದ್ದರಿಂದ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸರಿಯಾಗಿ ಬರುವಷ್ಟು ಸಲ ಹೇಳಿ. "ಐ ಆಮ್ ಹ್ಯಾವಿಂಗ್ ಎಕ್ಸ್‌ಪೀರಿಯೆನ್ಸ್" ಬೇಡ, "ಐ ಹ್ಯಾವ್" ಸಾಕು. "ಡಿಸ್ಕಸ್ ಅಬೌಟ್" ಬೇಡ, ಬರೀ "ಡಿಸ್ಕಸ್".

ಇನ್ನೊಂದು ಇದಕ್ಕಿಂತ ಅಪಾಯದ್ದು. "ರಿಪೋರ್ಟ್ ಕಳಿಸಲಿಲ್ವಾ?" ಅಂದರೆ ನಾವು "ಹೌದು, ಕಳಿಸಲಿಲ್ಲ" ಅನ್ನುತ್ತೇವೆ. ಇಂಗ್ಲಿಷಿನಲ್ಲಿ "ಡಿಂಟ್ ಯು ಸೆಂಡ್ ದ ರಿಪೋರ್ಟ್?" ಅಂತ ಕೇಳಿದಾಗ ಬರೀ "ಯೆಸ್" ಅಂದರೆ ಕಳಿಸಿದ್ದೇನೆ ಅಂತ ಅರ್ಥ. ಕಳಿಸದಿದ್ದರೆ "ನೋ, ಐ ಡಿಂಟ್". ಫೋನ್ ಕಾಲಿನಲ್ಲಿ ಇದು ದೊಡ್ಡ ಗೊಂದಲ ಮಾಡುತ್ತದೆ. ಅದಕ್ಕೆ ಬರೀ ಯೆಸ್, ನೋ ಹೇಳಿ ಬಿಡಬೇಡಿ. ಪೂರ್ತಿ ವಾಕ್ಯ ಹೇಳಿ: "ಐ ಹ್ಯಾವ್ ನಾಟ್ ಸೆಂಟ್ ಇಟ್ ಯೆಟ್. ಐ ವಿಲ್ ಸೆಂಡ್ ಇಟ್ ಬೈ ಫೋರ್."

ವಾಕ್ಯದ ಕ್ರಮದ ವಿಷಯಕ್ಕೂ ಸ್ವಲ್ಪ ಗಮನ ಕೊಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕಥೆಯನ್ನೂ ನಾವು ಹಾಗೆಯೇ ಹೇಳುತ್ತೇವೆ, ಬೆಳಿಗ್ಗೆ ಏನಾಯಿತು, ಆಮೇಲೆ ಯಾರು ಬಂದರು, ಅವರು ಏನೆಂದರು, ಕೊನೆಗೆ ಏನಾಯಿತು ಅಂತ. ಆಫೀಸಿನ ಇಂಗ್ಲಿಷಿನಲ್ಲಿ ಫಲಿತಾಂಶ ಮೊದಲು ಬೇಕು. "ದ ಲೈನ್ ವಾಸ್ ಡೌನ್ ಫಾರ್ ಫಾರ್ಟಿ ಮಿನಿಟ್ಸ್. ಎ ಸೆನ್ಸರ್ ಫೇಲ್ಡ್. ಇಟ್ ಈಸ್ ರನ್ನಿಂಗ್ ನೌ." ಕೇಳುವವರಿಗೆ ಬೇಕಾದದ್ದು ಮೊದಲ ವಾಕ್ಯದಲ್ಲೇ ಸಿಕ್ಕಿತು. ಉಳಿದದ್ದನ್ನು ಕೇಳಿದರೆ ಹೇಳಬಹುದು. ಭಯ ಇರುವವರಿಗೆ ಇದು ಅನುಕೂಲವೂ ಹೌದು, ಮೊದಲ ವಾಕ್ಯ ಚೆನ್ನಾಗಿ ಬಂದರೆ ಎದೆ ಹಗುರಾಗುತ್ತದೆ.

ಉಚ್ಚಾರಣೆ ಬಗ್ಗೆ ಅನಗತ್ಯ ಚಿಂತೆ ಬೇಡ. ಅಮೆರಿಕದವರ ಹಾಗೆ ಮಾತಾಡಬೇಕಾಗಿಲ್ಲ, ಮಾತಾಡಲು ಹೋಗಲೂ ಬಾರದು. ಅರ್ಥ ಆದರೆ ಸಾಕು. ಆದರೆ ಅರ್ಥಕ್ಕೆ ಅಡ್ಡ ಬರುವ ಒಂದೆರಡು ಅಭ್ಯಾಸ ನಮಗಿವೆ. ಪದದ ಕೊನೆಗೆ ಉ ಸೇರಿಸುವುದು: ಬಸ್ಸು, ಚೆಕ್ಕು, ವರ್ಕು. ಶುರುವಿನಲ್ಲಿ ಯ ಅಥವಾ ವ ಸೇರಿಸುವುದು: ಎಂಜಿನಿಯರ್ ಅನ್ನುವುದು ಯೆಂಜಿನಿಯರ್, ಓನ್ಲಿ ಅನ್ನುವುದು ವೋನ್ಲಿ. ಎಲ್ಲ ಅಕ್ಷರಕ್ಕೂ ಸಮ ಒತ್ತು ಕೊಡುವುದು ಮೂರನೆಯದು. ಇಂಗ್ಲಿಷಿನಲ್ಲಿ ಡೆವಲಪ್ ಅನ್ನುವಾಗ ಒತ್ತು ನಡುವೆ, ಹೊಟೆಲ್ ಅನ್ನುವಾಗ ಕೊನೆಗೆ. ಇದನ್ನು ಪರೀಕ್ಷಿಸಲು ಫೋನಿನ ಕೀಬೋರ್ಡಿನಲ್ಲಿ ಮೈಕ್ ಗುರುತು ಒತ್ತಿ, ಭಾಷೆಯನ್ನು ಇಂಡಿಯನ್ ಇಂಗ್ಲಿಷಿಗೆ ಇಟ್ಟು, ಮಾತಾಡಿ. ಅದು ತನಗೆ ಕೇಳಿಸಿದ್ದನ್ನು ಟೈಪ್ ಮಾಡುತ್ತದೆ. ಎಲ್ಲಿ ಬೇರೆ ಪದ ಬಂತೋ ಅಲ್ಲಿ ನಿಧಾನ ಮಾಡಿ ಮತ್ತೆ ಹೇಳಿ. ಮೂರ್ನಾಲ್ಕು ಸಲ ಹೇಳಿದರೂ ಒಂದು ಪದ ತಪ್ಪಾಗಿಯೇ ಬರುತ್ತಿದ್ದರೆ ಬಿಟ್ಟುಬಿಡಿ, ಯಂತ್ರವೂ ತಪ್ಪು ಮಾಡುತ್ತದೆ. ಒಟ್ಟಿನಲ್ಲಿ ಬಹಳ ಜನರ ನಿಜವಾದ ಕಷ್ಟ ವೇಗ. ಗಾಬರಿಯಲ್ಲಿ ಓಡುತ್ತೇವೆ. ನಿಧಾನವಾಗಿ ಹೇಳಿದರೆ ಅರ್ಧ ಉಚ್ಚಾರಣೆ ತಾನೇ ಸರಿಯಾಗುತ್ತದೆ.

ಸಂದರ್ಶನ

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎನ್ನುವ ಪ್ರಶ್ನೆಗೆ ನಮ್ಮ ಹುಡುಗರು ಹೇಳುವುದು ಹೆಚ್ಚುಕಡಿಮೆ ಒಂದೇ ಥರ. "ಮೈಸೆಲ್ಫ್" ಅಂತ ಶುರು, ಹೆಸರು, ಊರು, ತಂದೆ ಏನು ಮಾಡುತ್ತಾರೆ, ಮನೆಯಲ್ಲಿ ಎಷ್ಟು ಜನ, ಹವ್ಯಾಸ ಕ್ರಿಕೆಟ್. ಕಾಲೇಜಿನಲ್ಲಿ ಯಾರೋ ಬರೆಸಿದ್ದು, ಬಾಯಿಪಾಠ ಆಗಿರುತ್ತದೆ. ಕೇಳುವವರಿಗೆ ಇದರಲ್ಲಿ ಬೇಕಾದದ್ದು ಬಹುತೇಕ ಏನೂ ಇಲ್ಲ. ಅವರು ಕೇಳುತ್ತಿರುವುದು ಈ ಕೆಲಸಕ್ಕೆ ನೀವು ಯಾಕೆ ಆಗಿಬರುತ್ತೀರಿ ಅಂತ.

ಅರವತ್ತರಿಂದ ತೊಂಬತ್ತು ಸೆಕೆಂಡು ಸಾಕು. ಈಗ ಏನು ಮಾಡುತ್ತಿದ್ದೀರಿ, ಮೊದಲು ಏನು ಮಾಡಿದ್ದೀರಿ, ಇಲ್ಲಿಗೆ ಯಾಕೆ ಬಂದಿದ್ದೀರಿ. "ಐ ಆಮ್ ಎ ಕ್ವಾಲಿಟಿ ಇನ್‌ಸ್ಪೆಕ್ಟರ್ ಇನ್ ಆನ್ ಆಟೋ ಪಾರ್ಟ್ಸ್ ಕಂಪನಿ ಇನ್ ಚಾಕಣ್. ಐ ಚೆಕ್ ಮೆಷಿನ್ಡ್ ಪಾರ್ಟ್ಸ್ ಅಂಡ್ ಪ್ರಿಪೇರ್ ದ ಡೇಲಿ ರಿಜೆಕ್ಷನ್ ರಿಪೋರ್ಟ್." ಹೀಗೆ ಶುರುವಾದರೆ ಎದುರಿಗಿರುವವರು ತಕ್ಷಣ ಮುಂದಿನ ಪ್ರಶ್ನೆ ಕೇಳುವುದು ನಿಮ್ಮ ಕೆಲಸದ ಬಗ್ಗೆ, ಅಂದರೆ ನಿಮಗೆ ಚೆನ್ನಾಗಿ ಗೊತ್ತಿರುವುದರ ಬಗ್ಗೆ. ಸಂದರ್ಶನವನ್ನು ನಿಮ್ಮ ಅಂಗಳಕ್ಕೆ ಎಳೆದುಕೊಂಡ ಹಾಗಾಯಿತು. ಫ್ರೆಷರ್ ಆಗಿದ್ದರೆ ಕಾಲೇಜಿನ ಪ್ರಾಜೆಕ್ಟ್, ಅಪ್ರೆಂಟಿಸ್ ಕೆಲಸ, ಮನೆಯ ಅಂಗಡಿಯ ಲೆಕ್ಕ ನೋಡಿಕೊಂಡದ್ದು, ಯಾವುದಾದರೂ ನೀವೇ ಕೈಯಾರೆ ಮಾಡಿದ ಒಂದನ್ನು ಹೇಳಿ.

ಇದನ್ನು ಬಾಯಿಪಾಠ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಬಾಯಿಪಾಠ ಮಾಡಿದವರು ನಡುವೆ ಒಂದು ಪ್ರಶ್ನೆ ಬಂದರೆ ಎಲ್ಲವನ್ನೂ ಕಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಚೀಟಿಯಲ್ಲಿ ನಾಲ್ಕು ಪದ ಮಾತ್ರ ಬರೆಯಿರಿ. ಆ ನಾಲ್ಕು ಪದ ನೋಡಿಕೊಂಡು ಪ್ರತಿದಿನ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿ. ಹತ್ತು ದಿನದ ರೆಕಾರ್ಡಿಂಗ್ ಹತ್ತು ಥರ ಇರಬೇಕು.

ಉಳಿದ ಪ್ರಶ್ನೆಗಳಿಗೆ ಕಥೆಗಳನ್ನು ಸಿದ್ಧ ಮಾಡಿಕೊಳ್ಳಿ. ಕಷ್ಟದ ಸಂದರ್ಭ ಒಂದು, ಯಾರ ಜೊತೆಗಾದರೂ ಅಭಿಪ್ರಾಯ ಹೊಂದದೆ ಇದ್ದದ್ದು ಒಂದು, ಬೇಗ ಏನನ್ನಾದರೂ ಕಲಿಯಬೇಕಾಗಿ ಬಂದದ್ದು ಒಂದು, ನಿಮ್ಮಿಂದ ಕಂಪನಿಗೆ ಉಪಯೋಗ ಆದದ್ದು ಒಂದು. ಎಚ್‌ಆರ್ ಜನ ಇದಕ್ಕೆ ಸ್ಟಾರ್ ಅನ್ನುವ ಕ್ರಮ ಹೇಳುತ್ತಾರೆ: ಸಿಚುಯೇಶನ್, ಟಾಸ್ಕ್, ಆಕ್ಷನ್, ರಿಸಲ್ಟ್. ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿಗೆ ಏನು ಬಂತು, ನೀವು ಏನು ಮಾಡಿದಿರಿ, ಏನಾಯಿತು. ಮೊದಲ ಎರಡಕ್ಕೆ ಒಂದೊಂದು ವಾಕ್ಯ ಸಾಕು. ಸಮಯವೆಲ್ಲ ಮೂರನೆಯದಕ್ಕೆ ಕೊಡಿ. ಇಲ್ಲಿ ನಮ್ಮವರ ಒಳ್ಳೆಯ ಗುಣವೇ ಅಡ್ಡ ಬರುತ್ತದೆ. ನಾನು ಮಾಡಿದೆ ಅನ್ನಲು ಸಂಕೋಚ, ನಾವು ಮಾಡಿದೆವು ಅನ್ನುತ್ತೇವೆ. ಐದು ನಿಮಿಷ "ವಿ ಡಿಡ್, ವಿ ಚೆಕ್ಡ್" ಕೇಳಿದ ಮೇಲೂ ಎದುರಿಗೆ ಕೂತವರಿಗೆ ನಿಮ್ಮ ಪಾಲು ಯಾವುದು ಅಂತ ತಿಳಿಯುವುದಿಲ್ಲ. ತಂಡಕ್ಕೆ ಒಂದು ವಾಕ್ಯದಲ್ಲಿ ಮನ್ನಣೆ ಕೊಟ್ಟು, ಆಮೇಲೆ "ಮೈ ಪಾರ್ಟ್ ವಾಸ್" ಅಂತ ನಿಮ್ಮದನ್ನು ಹೇಳಿ. ಅದು ಜಂಬ ಅಲ್ಲ. ಅವರು ಕೇಳುತ್ತಿರುವುದೇ ಅದನ್ನು.

ಪ್ರಶ್ನೆ ಅರ್ಥ ಆಗದಿದ್ದರೆ ಊಹಿಸಿ ಉತ್ತರ ಕೊಡಬೇಡಿ. "ಸಾರಿ, ಕುಡ್ ಯು ಪ್ಲೀಸ್ ರಿಪೀಟ್ ದಟ್?" ಅಂತ ಕೇಳಿ. ಎರಡನೆಯ ಸಲವೂ ತಿಳಿಯದಿದ್ದರೆ "ಡು ಯು ಮೀನ್ ಮೈ ಕರೆಂಟ್ ವರ್ಕ್?" ಅಂತ ನಿಮಗೆ ತಿಳಿದಷ್ಟನ್ನು ತಿರುಗಿ ಕೇಳಿ. ಯೋಚಿಸಲು ಸಮಯ ಬೇಕಾದರೆ "ಲೆಟ್ ಮಿ ಥಿಂಕ್ ಫಾರ್ ಎ ಮೊಮೆಂಟ್" ಅನ್ನಿ, ನಿಜವಾಗಿಯೂ ಯೋಚಿಸಿ. ಆ ಎರಡು ಮೂರು ಸೆಕೆಂಡಿನ ಮೌನ ನಿಮಗೆ ಉದ್ದ ಅನ್ನಿಸುತ್ತದೆ, ಕೇಳುವವರಿಗೆ ಹಾಗೆ ಅನ್ನಿಸುವುದಿಲ್ಲ. ಗೊತ್ತಿಲ್ಲದ ವಿಷಯ ಬಂದರೆ "ಐ ಹ್ಯಾವ್ ನಾಟ್ ವರ್ಕ್ಡ್ ಆನ್ ದಟ್, ಬಟ್ ಐ ಹ್ಯಾವ್ ಡನ್ ಸಮ್‌ಥಿಂಗ್ ಸಿಮಿಲರ್" ಅಂತ ನಿಮಗೆ ಗೊತ್ತಿರುವುದಕ್ಕೆ ದಾರಿ ಮಾಡಿಕೊಳ್ಳಿ. ಈ ನಾಲ್ಕು ವಾಕ್ಯ ಮಾತ್ರ ಬಾಯಿಪಾಠ ಇರಲಿ.

ಪುಣೆಯಲ್ಲಿ ಇನ್ನೊಂದು ನಡೆಯುತ್ತದೆ. ನೀವು ಸ್ವಲ್ಪ ತಡವರಿಸಿದ ಕೂಡಲೇ ಎದುರಿಗಿರುವವರು ಸಹಾಯ ಮಾಡುವ ಮನಸ್ಸಿನಿಂದ ಹಿಂದಿಗೋ ಮರಾಠಿಗೋ ತಿರುಗುತ್ತಾರೆ. ಸಂತೋಷ, ಆ ಪ್ರಶ್ನೆಗೆ ಅದೇ ಭಾಷೆಯಲ್ಲಿ ಉತ್ತರಿಸಿ. ಆದರೆ ಕೆಲಸದ ವಿವರಣೆ ಬಂದಾಗ ಮತ್ತೆ ಇಂಗ್ಲಿಷಿಗೆ ಬನ್ನಿ. ನನ್ನ ಲೆಕ್ಕದಲ್ಲಿ ಇದು ಬಹಳ ಮುಖ್ಯ. ತಪ್ಪಿಲ್ಲದೆ ಮಾತಾಡುವವರಿಗಿಂತ, ತಪ್ಪಾದರೂ ತಿರುಗಿ ಬಂದು ಮಾತು ಮುಗಿಸುವವರ ಮೇಲೆ ಕೆಲಸ ಕೊಡುವವರಿಗೆ ನಂಬಿಕೆ ಜಾಸ್ತಿ.

ಸಂದರ್ಶನಕ್ಕೆ ಮೊದಲು ಒಂದು ಫೋನ್ ಬರುತ್ತದೆ, ಸಾಮಾನ್ಯವಾಗಿ ನೀವು ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವಾಗಲೇ. ಆ ಗಲಾಟೆಯಲ್ಲಿ ಮಾತಾಡಬೇಡಿ. "ಐ ಆಮ್ ಟ್ರಾವೆಲಿಂಗ್. ಕ್ಯಾನ್ ಐ ಕಾಲ್ ಯು ಬ್ಯಾಕ್ ಆಟ್ ಸೆವೆನ್?" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರು ಕೇಳುವುದು ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಪೀರಿಯಡ್, ಯಾಕೆ ಬಿಡುತ್ತಿದ್ದೀರಿ, ಎಲ್ಲಿ ಇರುತ್ತೀರಿ. ಐದಕ್ಕೂ ಉತ್ತರ ಮೊದಲೇ ಫೋನಿನ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಕೆಲಸ ಬಿಡುವ ಕಾರಣ ಹೇಳುವಾಗ ಹಳೆಯ ಮ್ಯಾನೇಜರ್ ಮೇಲಿನ ದೂರು ಬೇಡ.

ಮಗರಪಟ್ಟಾ, ಖರಾಡಿ ಕಡೆಯ ಬಿಪಿಒ ಕೆಲಸಗಳಿಗೆ ಹೋಗುವವರಿಗೆ ಇಂಗ್ಲಿಷ್ ಮಾತನ್ನು ಅಳೆಯುವ ವರ್ಸಂಟ್ ಥರದ ಕಂಪ್ಯೂಟರ್ ಪರೀಕ್ಷೆ ಎದುರಾಗಬಹುದು. ಅದರಲ್ಲಿ ವಾಕ್ಯ ಓದಬೇಕು, ಕೇಳಿದ ವಾಕ್ಯವನ್ನು ಹಾಗೆಯೇ ತಿರುಗಿ ಹೇಳಬೇಕು, ತುಂಡು ತುಂಡಾಗಿ ಕೇಳಿಸಿದ್ದನ್ನು ಜೋಡಿಸಬೇಕು, ಚಿಕ್ಕ ಕಥೆ ಕೇಳಿ ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಇದಕ್ಕೆ ಒಳ್ಳೆಯ ತಯಾರಿ ಅಂದರೆ ಕೇಳುತ್ತಾ ಜೊತೆಗೇ ಹೇಳುವುದು. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಸಿಕ್ಸ್ ಮಿನಿಟ್ ಇಂಗ್ಲಿಷ್ ಕಾರ್ಯಕ್ರಮ ಉಚಿತವಾಗಿ ಸಿಗುತ್ತದೆ, ಅದರ ಮಾತುಗಳು ಬರಹದಲ್ಲೂ ಇರುತ್ತವೆ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಹೇಳಿ. ಒಂದೇ ಕಂತನ್ನು ಒಂದು ವಾರ ಇಟ್ಟುಕೊಳ್ಳಿ. ದಿನಕ್ಕೊಂದು ಹೊಸದು ಕೇಳುವುದರಿಂದ ಕಿವಿಗೆ ಸಂತೋಷ, ನಾಲಿಗೆಗೆ ಏನೂ ಸಿಗುವುದಿಲ್ಲ.

ಯಾರ ಜೊತೆ ಮಾತಾಡುವುದು?

ರೂಮಿನವರೇ ಮೊದಲು. ಊಟದ ನಂತರ ಅರ್ಧ ಗಂಟೆ ಇಂಗ್ಲಿಷ್ ಅಂತ ಗೊತ್ತು ಮಾಡಿಕೊಳ್ಳಿ. ಒಂದೇ ನಿಯಮ, ಮಾತಿನ ನಡುವೆ ತಿದ್ದಬಾರದು, ನಗಬಾರದು. ತಿದ್ದುವುದಿದ್ದರೆ ಕೊನೆಗೆ, ಅದೂ ಒಬ್ಬರಿಗೆ ಒಂದೇ ತಪ್ಪು. ನಗುವಿಗೆ ಹೆದರಿ ಬಾಯಿ ಮುಚ್ಚಿಕೊಂಡ ಎಷ್ಟೋ ಬುದ್ಧಿವಂತರನ್ನು ನೋಡಿ ನನಗೆ ನಿಜಕ್ಕೂ ಸಂಕಟ ಆಗಿದೆ. ಒಬ್ಬರು ಸಂದರ್ಶಕರಾಗಿ, ಇನ್ನೊಬ್ಬರು ಅಭ್ಯರ್ಥಿಯಾಗಿ ಕೂರಿ. ಕೇಳುವವರ ಜಾಗದಲ್ಲಿ ಕೂತಾಗ ಉದ್ದ ಉತ್ತರ ಎಷ್ಟು ಸುಸ್ತು ಮಾಡುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

ಪುಣೆಯಲ್ಲಿ ಟೋಸ್ಟ್‌ಮಾಸ್ಟರ್ಸ್ ಎನ್ನುವ, ಜನರೆದುರು ಮಾತಾಡುವುದನ್ನು ಅಭ್ಯಾಸ ಮಾಡುವ ಕ್ಲಬ್ಬುಗಳು ಬಹಳ ಇವೆ, ಕಂಪನಿಗಳೊಳಗೂ ಇವೆ, ಹೊರಗೂ ಇವೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಸಂಸ್ಥೆಯ ಸಭೆಗಳಿಗೆ ಅತಿಥಿಯಾಗಿ ಹೋಗಿ ಕೂತು ನೋಡಬಹುದು. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಒಂದು ಭಾಗ ಇರುತ್ತದೆ, ವಿಷಯವನ್ನು ಆ ಕ್ಷಣಕ್ಕೇ ಕೊಟ್ಟು, ತಯಾರಿ ಇಲ್ಲದೆ ಒಂದೆರಡು ನಿಮಿಷ ಮಾತಾಡಿಸುತ್ತಾರೆ. ಸಂದರ್ಶನಕ್ಕೆ ಇದಕ್ಕಿಂತ ಹತ್ತಿರದ ಅಭ್ಯಾಸ ಇಲ್ಲ. ಮಾತಾಡಿದ ಮೇಲೆ ಒಳ್ಳೆಯದು ಏನು, ಸುಧಾರಿಸಬೇಕಾದದ್ದು ಏನು ಅಂತ ಮರ್ಯಾದೆಯಿಂದ ಹೇಳುತ್ತಾರೆ. ಎಷ್ಟು ಸಲ "ಆ... ಊಂ..." ಅಂದಿರಿ ಅಂತ ಎಣಿಸಲು ಕೂಡ ಒಬ್ಬರಿರುತ್ತಾರೆ.

ದುಡ್ಡು ಕೊಟ್ಟು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಒಂದು ಗಂಟೆಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ? ನಲವತ್ತು ಜನರ ಕ್ಲಾಸಿನಲ್ಲಿ ಮೇಷ್ಟ್ರು ಒಂದು ಮಾತೂ ಆಡದೆ ಸಮಯವನ್ನೆಲ್ಲ ಹಂಚಿದರೂ ಒಬ್ಬರಿಗೆ ಸಿಗುವುದು ಒಂದೂವರೆ ನಿಮಿಷ. ಅಷ್ಟಕ್ಕೆ ಸಾವಿರಾರು ರೂಪಾಯಿ ಯಾಕೆ? ಎಂಟು ಹತ್ತು ಜನರಿದ್ದು, ಎಲ್ಲರನ್ನೂ ಮಾತಾಡಿಸುವ ಕ್ಲಾಸಾದರೆ ಸೇರಿ.

ಯಾರೂ ಇಲ್ಲದ ಹೊತ್ತಿನಲ್ಲಿ ಎಐ ಆಪ್‌ಗಳ ಜೊತೆ ದನಿಯಲ್ಲೇ ಮಾತಾಡಬಹುದು. ಕೆಲಸದ ಜಾಹೀರಾತನ್ನು ಪೂರ್ತಿ ಅದಕ್ಕೆ ಕೊಟ್ಟು, ಈ ಕೆಲಸಕ್ಕೆ ಸಂದರ್ಶಕರ ಹಾಗೆ ಒಂದೊಂದೇ ಪ್ರಶ್ನೆ ಕೇಳು, ಕೊನೆಗೆ ನನ್ನ ಮೂರು ತಪ್ಪು ಹೇಳು ಅಂತ ಅನ್ನಿ. ಅದು ಬರೆದುಕೊಟ್ಟ ಉತ್ತರವನ್ನು ಮಾತ್ರ ಬಾಯಿಪಾಠ ಮಾಡಬೇಡಿ. ಅದು ನಿಮ್ಮ ಮಾತಿನ ಹಾಗೆ ಇರುವುದಿಲ್ಲ, ಕೇಳುವವರಿಗೆ ಅದು ಮೊದಲ ನಿಮಿಷದಲ್ಲೇ ತಿಳಿಯುತ್ತದೆ.

ಕೆಲಸ ಸಿಕ್ಕ ಮೇಲೆ

ಕೆಲಸ ಸಿಕ್ಕಿದ ಮೇಲೆ ಅಭ್ಯಾಸ ನಿಲ್ಲಿಸುವವರೇ ಜಾಸ್ತಿ. ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂತು, ಕೇಳಿದರೆ ಮಾತ್ರ ಉತ್ತರ. ಕೆಲಸ ಇವರದ್ದು, ಹೇಳಿಕೊಂಡು ಮುಂದೆ ಹೋಗುವವರು ಬೇರೆಯವರು. ಇದು ಆಗಬಾರದು.

ಐಟಿಯಲ್ಲಿ ದಿನಾ ನಡೆಯುವ ಸ್ಟಾಂಡ್‌ಅಪ್ ಎನ್ನುವ ಚಿಕ್ಕ ಮೀಟಿಂಗ್ ಒಳ್ಳೆಯ ಅವಕಾಶ. ಇಡೀ ತಂಡಕ್ಕೆ ಸೇರಿ ಹದಿನೈದು ನಿಮಿಷ, ನಿಮ್ಮ ಪಾಲಿಗೆ ಒಂದು ನಿಮಿಷ. ನಿನ್ನೆ ಏನು ಮುಗಿಸಿದೆ, ಇವತ್ತು ಏನು, ಎಲ್ಲಿ ತಡೆ. ಬಸ್ಸಿನಲ್ಲೇ ಮೂರು ವಾಕ್ಯ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಹೋಗಿ. ಮೀಟಿಂಗ್ ಶುರುವಾದ ಮೊದಲ ಕೆಲವು ನಿಮಿಷಗಳಲ್ಲೇ ಒಂದು ಮಾತು ಆಡಿಬಿಡಿ, ಏನಾದರೂ ಕೇಳಿ, ಹೂಂಗುಟ್ಟಿ. ತಡ ಮಾಡಿದಷ್ಟೂ ಬಾಯಿ ತೆಗೆಯುವುದು ಕಷ್ಟ ಆಗುತ್ತದೆ.

ಸಂಖ್ಯೆಗಳನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ. ಎಷ್ಟೇ ವರ್ಷ ಆದರೂ ನಾವು ಎಣಿಸುವುದು ಕನ್ನಡದಲ್ಲಿ. ವಿದೇಶದ ಗ್ರಾಹಕರಿಗೆ ಲಕ್ಷ, ಕೋಟಿ ತಿಳಿಯುವುದಿಲ್ಲ: ಹತ್ತು ಲಕ್ಷ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಅದಕ್ಕೆ "ಫಿಫ್ಟಿ, ಫೈವ್ ಜೀರೋ" ಅನ್ನಿ. 04/05 ಅಂತ ಬರೆದರೆ ನಮಗೆ ಮೇ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಐದು, ಆದ್ದರಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ನಮ್ಮ ಉದ್ದ ಹೆಸರುಗಳನ್ನು ಫೋನಿನಲ್ಲಿ ಹೇಳುವಾಗ ಬಿ ಫಾರ್ ಬ್ರಾವೊ, ಎ ಫಾರ್ ಆಲ್ಫಾ ಅಂತ ಬಿಡಿಸಿ ಹೇಳುವುದನ್ನು ಕಲಿತರೆ ಆಯಿತು.

ಮೇಲ್ ಬರೆಯುವಾಗ ಬೇಕಾದದ್ದನ್ನು ಮೊದಲ ಸಾಲಿನಲ್ಲೇ ಕೇಳಿ, ದಿನಾಂಕ ಹಾಕಿ. "ಕೈಂಡ್ಲಿ ಡು ದ ನೀಡ್‌ಫುಲ್" ಅಂದರೆ ಏನು ಮಾಡಬೇಕು ಅಂತ ಅವರೇ ಊಹಿಸಬೇಕು. "ಪ್ಲೀಸ್ ಅಪ್ರೂವ್ ದ ಡ್ರಾಯಿಂಗ್ ಬೈ ಫ್ರೈಡೇ" ಅಂದರೆ ಮುಗಿಯಿತು. "ಐ ಹ್ಯಾವ್ ಎ ಡೌಟ್" ಅಂದರೆ ಹೊರದೇಶದವರಿಗೆ ನೀವು ಅವರ ಮಾತನ್ನು ಅನುಮಾನಿಸಿದ ಹಾಗೆ ಕೇಳಿಸಬಹುದು, "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ. ಚಾಟಿನಲ್ಲಿ ಬರೀ ಹಾಯ್ ಅಂತ ಹಾಕಿ ಉತ್ತರಕ್ಕೆ ಕಾಯಬೇಡಿ, ವಿಷಯವನ್ನೂ ಅದೇ ಮೆಸೇಜಿನಲ್ಲಿ ಬರೆಯಿರಿ.

ಇಲ್ಲ ಎನ್ನಲು ಕಲಿಯುವುದು ಇವೆಲ್ಲಕ್ಕಿಂತ ಕಷ್ಟ. ಆಗದ ಕೆಲಸಕ್ಕೂ "ಓಕೆ ಸರ್, ಐ ವಿಲ್ ಟ್ರೈ" ಅನ್ನುತ್ತೇವೆ, ಹಿರಿಯರಿಗೆ ಎದುರಾಡಬಾರದು ಅಂತ. ಕೇಳಿದವರು ಅದನ್ನು ಒಪ್ಪಿಗೆ ಅಂತಲೇ ತಿಳಿಯುತ್ತಾರೆ. ಕೆಲಸ ತಪ್ಪಿದ ದಿನ ಹೆಸರು ಕೆಡುವುದು ನಿಮ್ಮದು. "ಐ ಕಾಂಟ್ ಫಿನಿಶ್ ಇಟ್ ಬೈ ವೆಡ್ನಸ್‌ಡೇ. ಐ ಕ್ಯಾನ್ ಗಿವ್ ಇಟ್ ಬೈ ಥರ್ಸ್‌ಡೇ ಈವನಿಂಗ್." ಇದರಲ್ಲಿ ಅಗೌರವ ಒಂದಿಷ್ಟೂ ಇಲ್ಲ. ಇದನ್ನು ರಾತ್ರಿಯ ರೆಕಾರ್ಡಿಂಗಿನಲ್ಲಿ ನಿಮ್ಮದೇ ಕೆಲಸದ ಹೆಸರು ಹಾಕಿ ಹೇಳಿ ಹೇಳಿ, ದನಿ ನಡುಗದೆ ಬರುವ ತನಕ ಅಭ್ಯಾಸ ಮಾಡಿ.

ಕೆಲಸಕ್ಕೆ ಸೇರಿ ಒಂದೆರಡು ತಿಂಗಳಾದ ಮೇಲೆ, ಮೀಟಿಂಗಿನ ಮಿನಿಟ್ಸ್, ಅಂದರೆ ಅಲ್ಲಿ ತೀರ್ಮಾನ ಆದದ್ದರ ಟಿಪ್ಪಣಿ, ನಾನು ಬರೆಯುತ್ತೇನೆ ಅಂತ ನೀವಾಗಿಯೇ ಹೇಳಿ. ಯಾರಿಗೂ ಬೇಡದ ಕೆಲಸ ಅದು, ಕೂಡಲೇ ಕೊಟ್ಟುಬಿಡುತ್ತಾರೆ. ಮಿನಿಟ್ಸ್ ಬರೆಯುವವರಿಗೆ ಯಾರನ್ನು ಬೇಕಾದರೂ ತಡೆದು "ಕ್ಯಾನ್ ಯು ರಿಪೀಟ್ ದ ಡೇಟ್?", "ಹೂ ವಿಲ್ ಡು ದಿಸ್?" ಅಂತ ಕೇಳುವ ಹಕ್ಕು ಇರುತ್ತದೆ, ಮ್ಯಾನೇಜರನ್ನೂ ಸೇರಿಸಿ. ಯಾರು ಏನು ಮಾಡಬೇಕು, ಯಾವ ದಿನದೊಳಗೆ, ಇಷ್ಟನ್ನು ಐದಾರು ಸಾಲಿನಲ್ಲಿ ಬರೆದು ಅದೇ ಸಂಜೆ ಎಲ್ಲರಿಗೂ ಕಳಿಸಿ. ಮುಂದಿನ ವಾರದ ಮೀಟಿಂಗ್ ಶುರುವಾಗುವುದು ನಿಮ್ಮ ಆ ಸಾಲುಗಳಿಂದ, ಅವನ್ನು ಓದಿ ಹೇಳಬೇಕಾದವರೂ ನೀವೇ.